ಹಿಂದೆ ಸರಿದ ಮುಳ್ಳು

ಕಾಪುವಿನ ವಲೇರಿಯನ್ ಬೆಳಿಗ್ಗೆ ಎದ್ದು ಮನೆಯ ಹಿಂದಿನ ಕೋಣೆಗೆ ಹೋದ. ಮೇಜಿನ ಮೇಲೆ ಟ್ರಾನ್ಸ್‌ಫಾರ್ಮರ್ ಇತ್ತು. ಅದರ ಮಗ್ಗುಲಲ್ಲಿದ್ದ, ಕರೆಂಟು ಅಳೆಯುವ ಅಮ್ಮೀಟರ್ ಇರಲಿಲ್ಲ.

ನೇರ ಠಾಣೆಗೆ ಓಡಿದ.

"ಪಾಸ್ಕಲನದ್ದೇ ಕೆಲಸ ಸಾರ್. ನನ್ನ ಪ್ರಯೋಗದಿಂದ ಅವನ ರೇಡಿಯೋ ಗೊರಗುಟ್ಟುತ್ತದಂತೆ. ಎಲ್ಲವನ್ನೂ ಸಮುದ್ರಕ್ಕೆ ಬಿಸಾಡ್ತೇನೆ ಅಂತ ಬೇಲಿ ಹತ್ತಿರ ನಿಂತು ಕೂಗಿದ್ದಾನೆ."

ಸಬ್ ಇನ್ಸ್‌ಪೆಕ್ಟರ್ ಸರ್ವೋತ್ತಮ ಶೆಟ್ಟಿ ಪಕ್ಕದ ಮನೆಯ ಪಾಸ್ಕಲನನ್ನು ಕರೆಸಿ ಠಾಣೆಯಲ್ಲಿ ಕೂರಿಸಿದ. ಆಮೇಲೆ ಕೋಣೆ ನೋಡಲು ಹೋದ.

"ಇದು ಎಂತ ಪ್ರಯೋಗ?"

ವಲೇರಿಯನ್ ಬಹ್ರೇನಿನಿಂದ ರಜೆಯಲ್ಲಿ ಬಂದವನು. ಉತ್ಸಾಹದಿಂದ ವಿವರಿಸಿದ. ಟ್ರಾನ್ಸ್‌ಫಾರ್ಮರಿನ ಒಂದು ಸುರುಳಿಗೆ ಕರೆಂಟು ಕೊಟ್ಟು, ಇನ್ನೊಂದಕ್ಕೆ ಬಲ್ಬಿನ ಹೊರೆ ಹಾಕಿದರೆ ಅದು ಹೆಚ್ಚು ಕರೆಂಟು ಎಳೆಯಬೇಕು. ಅವನದು ಕಡಿಮೆ ಎಳೆಯುತ್ತಿತ್ತು. ಬಲ್ಬು ಹೊತ್ತಿದ ಕೂಡಲೇ ಅಮ್ಮೀಟರಿನ ಮುಳ್ಳು ಹಿಂದೆ ಸರಿಯುತ್ತಿತ್ತು.

"ಹೊರೆ ಬಿದ್ದಾಗ ಹುಟ್ಟುವ ಎದುರು ಕಾಂತಬಲ ನನ್ನ ಸುರುಳಿಯಲ್ಲಿ ತಡವಾಗಿ ಬರ್ತದೆ ಸಾರ್. ತಡೆಯುವ ಬದಲು ತಳ್ಳುತ್ತದೆ. ಭಾನುವಾರ ಮಣಿಪಾಲದ ಕಾಲೇಜಿನಲ್ಲಿ ಎಲ್ಲರ ಎದುರು ತೋರಿಸಲಿಕ್ಕುಂಟು. ಇನ್ನು ನಾನು ಬಹ್ರೇನಿಗೆ ಹೋಗುವುದಿಲ್ಲ."

ಸರ್ವೋತ್ತಮ ಸುತ್ತ ಕಣ್ಣಾಡಿಸಿದ. ಮೂಲೆಯಲ್ಲಿ ಹೊಸ ತಾಮ್ರದ ತಂತಿಯ ಉಂಡೆಗಳು. ಕಪಾಟಿನ ಮೇಲೆ ವಿದೇಶಿ ಟೇಪ್ ರೆಕಾರ್ಡರ್. ಯಾವುದನ್ನೂ ಯಾರೂ ಮುಟ್ಟಿರಲಿಲ್ಲ. ಮೀಟರಿನಿಂದ ಬಿಚ್ಚಿದ ತಂತಿಗಳ ತುದಿಗೆ ಕಪ್ಪು ಟೇಪು ಸುತ್ತಿತ್ತು.

"ಈ ಟೇಪು ನೀವು ಸುತ್ತಿದ್ದಾ?"

"ಇಲ್ಲ ಸಾರ್."

ಸಿಟ್ಟಿನಿಂದ ಪಾಸ್ಕಲ್ ಬಂದಿದ್ದರೆ ಎಲ್ಲವನ್ನೂ ಒಡೆದು ಹಾಕುತ್ತಿದ್ದ. ಗುಜರಿ ಕಳ್ಳನಾದರೆ ತಾಮ್ರ ಒಯ್ಯುತ್ತಿದ್ದ. ಬೆಳಿಗ್ಗೆ ಬಂದವನಿಗೆ ಶಾಕ್ ಹೊಡೆಯಬಾರದು ಎಂದು ಯೋಚಿಸುವ ಕಳ್ಳ ಯಾರು?

ಅಡುಗೆಮನೆಯ ಬಾಗಿಲಲ್ಲಿ ವಲೇರಿಯನ್ನನ ಹೆಂಡತಿ ಸೆಲೀನ್ ನಿಂತಿದ್ದಳು.

"ನಿಮಗೆ ಈ ತಂತಿ ಕೆಲಸ ಗೊತ್ತುಂಟಾ?"

"ನನಗೆ ಸ್ವಿಚ್ ಮುಟ್ಟಲಿಕ್ಕೇ ಹೆದರಿಕೆ ಸಾರ್. ಇವರ ಅಕ್ಕ ಅಪೊಲೋನಿಯಾರಿಗೆ ಗೊತ್ತುಂಟು. ಕಾರ್ಕಳದಲ್ಲಿ ವಿಜ್ಞಾನ ಟೀಚರ್. ನಿನ್ನೆ ಬಂದು ಊಟ ಮಾಡಿ ಹೋದರು."

* * *

ಕಾರ್ಕಳದ ಶಾಲೆಯಲ್ಲಿ ಅಪೊಲೋನಿಯಾ ಟೀಚರ್ ಪ್ರಯೋಗಾಲಯದ ಬಾಗಿಲು ತೆರೆದರು. ಕಳ್ಳತನದ ಸುದ್ದಿ ಕೇಳಿ "ಹೌದಾ?" ಎಂದರು. ಅಷ್ಟೇ.

"ತೊಂದರೆ ಇಲ್ಲ ಟೀಚರ್," ಸರ್ವೋತ್ತಮ ಸುಳ್ಳು ಹೇಳಿದ. "ನಿಮ್ಮ ತಮ್ಮ ಉಡುಪಿಯಿಂದ ಬೇರೆ ಮೀಟರ್ ತರಿಸಿದ್ದಾರೆ. ಮುಳ್ಳು ಮೊದಲಿನ ಹಾಗೇ ಹಿಂದೆ ಸರಿಯಿತಂತೆ."

"ಅದನ್ನೂ ಟ್ರಾನ್ಸ್‌ಫಾರ್ಮರಿನ ಮಗ್ಗುಲಲ್ಲೇ ಇಟ್ಟನಾ?"

ಕೇಳಿದ ಮೇಲೆ ಅವರ ಮುಖ ಬಿಳಿಚಿತು.

"ಮೀಟರ್ ಎಲ್ಲಿಟ್ಟರೆ ಎಂತ ಟೀಚರ್? ಆ ಜಾಗದಲ್ಲಿ ಎಂತದೋ ತಪ್ಪುಂಟು ಅಂತ ಗೊತ್ತಿದ್ದವರೇ ಅದನ್ನು ಒಯ್ದಿರಬೇಕು. ಪಾಪ, ಪಾಸ್ಕಲ್ ಬೆಳಿಗ್ಗೆಯಿಂದ ಠಾಣೆಯಲ್ಲಿ ಕೂತಿದ್ದಾನೆ."

"ಪಾಸ್ಕಲನಾ? ಅಯ್ಯೋ ದೇವರೇ!" ಅವರು ತಡಮಾಡದೆ ಕಪಾಟು ತೆರೆದರು. ಅಮ್ಮೀಟರ್ ಅಲ್ಲಿತ್ತು.

* * *

ಸಂಜೆ ಕಾಪುವಿನ ಕೋಣೆಯಲ್ಲಿ ಅಪೊಲೋನಿಯಾ ಮೀಟರನ್ನು ಉದ್ದದ ತಂತಿಗೆ ಜೋಡಿಸಿ ಹೊಸ್ತಿಲ ಬಳಿ ಇಟ್ಟರು. ಬಲ್ಬು ಹೊತ್ತಿಸಿದರು. ಮುಳ್ಳು ಮೇಲೇರಿತು. ಮೀಟರನ್ನು ಎತ್ತಿಕೊಂಡು ಬಂದು ಟ್ರಾನ್ಸ್‌ಫಾರ್ಮರಿನ ಪಕ್ಕ ಇಟ್ಟರು. ಮುಳ್ಳು ಹಿಂದೆ ಸರಿಯಿತು.

"ಹಳೆಯ ಮೀಟರ್ ಸಾರ್, ಒಳಗೆ ಕಬ್ಬಿಣದ ತುಂಡು ಉಂಟು. ಹೊರೆ ಹಾಕಿದಾಗ ಟ್ರಾನ್ಸ್‌ಫಾರ್ಮರಿನಿಂದ ಹೊರಗೆ ಸೋರುವ ಕಾಂತಬಲ ಆ ಕಬ್ಬಿಣವನ್ನೇ ಎಳೆಯುತ್ತದೆ. ಕರೆಂಟು ಕಡಿಮೆ ಆಗುವುದಿಲ್ಲ. ಹಾಗೆ ತೋರುತ್ತದೆ, ಅಷ್ಟೇ."

"ಬಾಯಿಬಿಟ್ಟು ಹೇಳಬಹುದಿತ್ತಲ್ಲ ಅಕ್ಕ!" ವಲೇರಿಯನ್ ಕಿರುಚಿದ.

"ಹೇಳಿದೆ ವಲ್ಲಿ. ಶಾಲೆಯ ಪುಸ್ತಕ ಇಲ್ಲಿ ನಡೆಯುವುದಿಲ್ಲ ಅಂದಿ. ಒಳ್ಳೆಯ ಮೀಟರ್ ತಂದು ನೀನೇ ನೋಡಿಕೊಳ್ಳಲಿ ಅಂತ ಇದನ್ನು ಒಯ್ದೆ. ಮಣಿಪಾಲದಲ್ಲಿ ನಾಲ್ಕು ಜನ ನಿನ್ನನ್ನು ನೋಡಿ ನಗುವುದು ನನಗೆ ಬೇಡ. ಆದರೆ ನೀನು ಪೊಲೀಸರ ಹತ್ತಿರ ಹೋಗ್ತಿ ಅಂತ ಗೊತ್ತಿರಲಿಲ್ಲ."

ವಲೇರಿಯನ್ ಮೀಟರನ್ನು ತಾನೇ ಎತ್ತಿ ಹೊಸ್ತಿಲಿಗೆ ಒಯ್ದ, ಮತ್ತೆ ತಂದ, ಮತ್ತೆ ಒಯ್ದ. ಸರ್ವೋತ್ತಮ ಗಡಿಬಿಡಿ ಮಾಡಲಿಲ್ಲ.

ಕೊನೆಗೆ ವಲೇರಿಯನ್ ಸ್ವಿಚ್ ಆರಿಸಿದ. ಮೊಳೆಗೆ ನೇತುಹಾಕಿದ್ದ ಅಂಗಿ ತೊಟ್ಟುಕೊಂಡ.

"ನಡೆಯಿರಿ ಸಾರ್. ಪಾಸ್ಕಲನನ್ನು ನಾನೇ ಕರಕೊಂಡು ಬರಬೇಕು."

"ಮತ್ತೆ ಭಾನುವಾರ?" ಅಪೊಲೋನಿಯಾ ಮೆಲ್ಲನೆ ಕೇಳಿದರು.

"ಹೋಗುವ ಅಕ್ಕ. ಮುಳ್ಳು ನನಗೆ ಹೇಗೆ ಮೋಸ ಮಾಡಿತು ಅಂತ ಅಲ್ಲಿ ತೋರಿಸುವ. ನೀನು ವಿವರಿಸು. ಮೀಟರ್ ನಾನು ಹಿಡ್ಕೊಳ್ತೇನೆ."