ತೊಳೆಯದ ಪೊರೆ

ಮಧ್ಯಾಹ್ನ ಅವನು ಚಹಾ ತಂದುಕೊಡುವಾಗ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಅವಳು ಮನಸೋತದ್ದು ಆ ಬೆರಳುಗಳಿಗೇ.

"ಏನ್ರೀ ಮೀಟರ್, ಈ ವಯಸ್ಸಿಗೇ ಮುದುಕರ ಕೈ?" ಎಂದು ಕಾಲೆಳೆಯುತ್ತಿದ್ದಳು. ಪ್ರಯೋಗಾಲಯದಲ್ಲಿ ದಿನವಿಡೀ ನೀರಿನ ಅಳತೆ ಬರೆಯುವವನಿಗೆ ಅವಳೇ ಇಟ್ಟ ಹೆಸರದು.

"ಮನೇಲಿ ಪಾತ್ರೆ ತೊಳೆಯೋದು ನಾನೇ ಮೇಡಂ, ಅಕ್ಕನ ಆರ್ಡರ್. ನನ್ನ ಕಟ್ಕೊಳ್ಳೋಳು ಪುಣ್ಯವಂತೆ," ಎಂದು ಓರೆಗಣ್ಣಲ್ಲಿ ನೋಡುತ್ತಿದ್ದ. ಅವಳ ಕೆನ್ನೆ ಬಿಸಿಯಾಗುತ್ತಿತ್ತು.

ಅವಳು ನೀರು ಸೋಸುವ ಪೊರೆ ಮಾಡುವವಳು. ಕಾಗದದಷ್ಟು ತೆಳುವಾದ ಆ ಕರಿಪೊರೆಗೆ ಸಣ್ಣಗೆ ಕರೆಂಟು ಕೊಟ್ಟರೆ ಅದು ನೀರನ್ನು ಮಾತ್ರ ಹಾಯಲು ಬಿಟ್ಟು, ಕೊಳೆಯನ್ನು ದೂರ ತಳ್ಳಬೇಕು. ಒಮ್ಮೆಯೂ ತೊಳೆಯದೆ ನೂರು ದಿನ ಓಡಿದರೆ ಮಕ್ಕಳ ಆಸ್ಪತ್ರೆಯವರು ತಮ್ಮ ಕುಡಿಯುವ ನೀರಿಗೆ ಅದನ್ನೇ ಹಾಕಿಸುವುದಾಗಿ ಹೇಳಿದ್ದರು. ಹಿಂದಿನ ಮೂರು ಪೊರೆಗಳು ಎರಡು ವಾರಕ್ಕೇ ಕೊಳೆ ಕಟ್ಟಿಕೊಂಡು ಕೈಕೊಟ್ಟಿದ್ದವು. ಮೂರು ಸಲವೂ ಅವಳು ಅವನ ಹೆಗಲ ಮೇಲೆ ಅತ್ತಿದ್ದಳು.

ನಾಲ್ಕನೆಯದು ಮಾತ್ರ ಜಗ್ಗಲಿಲ್ಲ. ದಿನಾ ಬೆಳಿಗ್ಗೆ ಅವಳು ಗೋಡೆಯ ಬೋರ್ಡಿನಲ್ಲಿ ದಿನದ ಲೆಕ್ಕ ತಿದ್ದುವಾಗ ಅವನು ಅವಳನ್ನೇ ನೋಡುತ್ತಿದ್ದ.

"ಬೋರ್ಡು ಆ ಕಡೆ ಇದೆ."

"ನಾನು ಓದ್ತಿರೋದು ಈ ಕಡೆ."

ತೊಂಬತ್ತೊಂದನೇ ದಿನ ರಜೆಯಿತ್ತು. ಅವನು ಅವಳನ್ನು ಅಕ್ಕನಿಗೆ ತೋರಿಸಲು ಮನೆಗೆ ಕರೆದೊಯ್ದ. ಊಟದ ಮೇಜಿನಲ್ಲಿ ಅವಳು ಪಾತ್ರೆ ತೊಳೆಯುವ ಮಾತೆತ್ತಿದರೆ ಅಕ್ಕ ಬಿದ್ದು ಬಿದ್ದು ನಕ್ಕಳು. "ಇವ್ನಾ? ಚಮಚ ಎಲ್ಲಿರುತ್ತೆ ಅಂತ ಕೇಳಮ್ಮಾ, ಹೇಳ್ಲಿ ನೋಡೋಣ!"

ಅವನು ನಗಲಿಲ್ಲ. ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡ.

ಬೀದಿಗೆ ಬಂದದ್ದೇ ಅವಳು ನಿಂತಳು. "ದಿನಾ ಏನು ತೊಳೀತಿದ್ರಿ?"

"ಹನ್ನೆರಡನೇ ದಿನ ನಾಲ್ಕನೇ ಪೊರೇನೂ ಕಟ್ಕೊಂಡಿತ್ತು. ನೀವು ಮತ್ತೆ ಅಳೋದನ್ನ ನೋಡೋಕಾಗ್ಲಿಲ್ಲ. ಮಧ್ಯಾಹ್ನ ನೀವು ನಿಮ್ಮ ಅಮ್ಮನಿಗೆ ಫೋನ್ ಮಾಡೋಕೆ ಹೊರಗೆ ಹೋದಾಗ ತೆಗೆದು ತೊಳೆದು ಹಾಕ್ದೆ."

"ಒಂದೇ ಸಲಾನಾ?"

"ಅವತ್ತಿಂದ... ಆಗಾಗ... ದಿನಾ."

ಸೋತ ಪೊರೆಯೆದುರು ಅವಳು ಎಂಬತ್ತು ದಿನ ಕುಣಿದಾಡಿದ್ದಳು, ಅದೂ ಇವನ ಕಣ್ಣೆದುರೇ.

"ಅಳೋಕೆ ಬಿಡಬೇಕಿತ್ತು ನೀವು. ಅತ್ತು, ಮೂಗೊರೆಸ್ಕೊಂಡು ಐದನೇದು ಮಾಡ್ತಿದ್ದೆ. ಈ ಪೊರೆ ಆಸ್ಪತ್ರೆಗೆ ಹೋಗಿದ್ರೆ ಆ ಮಕ್ಕಳಿಗೆ ದಿನಾ ಯಾರು ತೊಳೆದುಕೊಡ್ತಿದ್ರು?"

"ನಿಮ್ಮ ಮೇಲಿನ ಪ್ರೀತಿಗೆ ಮಾಡಿದ್ದು..."

"ಗೊತ್ತು. ಅದಕ್ಕೇ ಇಷ್ಟು ನೋಯ್ತಿರೋದು. ಲ್ಯಾಬ್ ಕೀ ಕೊಡಿ."

ಅವನು ಕೊಟ್ಟ. ಅವಳು ಅವನ ಬೆರಳು ತಾಗದಂತೆ ತೆಗೆದುಕೊಂಡಳು. ಮರುದಿನ ಅವಳೇ ಆಸ್ಪತ್ರೆಗೆ ಫೋನ್ ಮಾಡಿ, ಪೊರೆ ಸೋತಿದೆ, ಕಾಯಬೇಕು ಎಂದಳು. ಬೋರ್ಡು ಒರೆಸಿದಳು. ವಾರದೊಳಗೆ ಅವನು ಬೇರೆ ವಿಭಾಗಕ್ಕೆ ಹೋದ. ಅವಳು ತಡೆಯಲಿಲ್ಲ.

ಐದನೇ ಪೊರೆ ಸಿದ್ಧವಾಗಲು ತಿಂಗಳು ಹಿಡಿಯಿತು. ಬೋರ್ಡಿನಲ್ಲಿ 'ಒಂದು' ಎಂದು ಬರೆಯುವಾಗ ಅವಳ ಕಣ್ಣು ತನ್ನ ಕೈ ಮೇಲೆ ಬಿತ್ತು. ಬೆಳಗಿನಿಂದ ಹೊಸ ಪೊರೆಯನ್ನು ಹದಮಾಡಲು ನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿಗಳೆಲ್ಲ ಬೆಳ್ಳಗೆ ಸುಕ್ಕುಗಟ್ಟಿದ್ದವು. ಕಾಲೆಳೆಯಲು ಪಕ್ಕದಲ್ಲಿ ಯಾರೂ ಇರಲಿಲ್ಲ.