ಅಮ್ಮನ ಸೈಕಲ್ ಅಂಗಡಿ

"ಒಂದೇ ನಿಮಿಷ ಕೊಡು. ಇವನ ಮೂಗು ಸರಿ ಮಾಡಿ ಕೊಟ್ಬಿಡ್ತೀನಿ" ಎಂದು ಅಮ್ಮ ಕೈ ಚಾಚಿದಳು.

ಬಟಾಣಿ ತನ್ನ ಜೇಡಿಮಣ್ಣಿನ ಮನುಷ್ಯನನ್ನು ಎದೆಗೆ ಅವಚಿಕೊಂಡಳು. ಅವನು ಬೀದಿ ಮೂಲೆಯ ಸೈಕಲ್ ಅಂಗಡಿಯವನು. ನೋಡಲು ಸ್ವಲ್ಪ ಆಲೂಗಡ್ಡೆಯ ಹಾಗಿದ್ದ, ನಿಜ. ಆದರೆ ಅವನ ಮೂಗು ಎರಡು ಸಲ ಕಳಚಿ ಬಿದ್ದು, ಮೂರನೇ ಸಲಕ್ಕೆ ಅಂಟಿತ್ತು. ಅದನ್ನು ಅವಳೇ ಅಂಟಿಸಿದ್ದಳು.

ಆದರೂ ಕೊಟ್ಟಳು. ಒಂದು ಮೂಗು ತಾನೆ?

ಬಟಾಣಿ ಅವಳ ನಿಜವಾದ ಹೆಸರಲ್ಲ. ಹುಟ್ಟಿದಾಗ ಗುಂಡು ಗುಂಡಗಿದ್ದಳೆಂದು ಅಪ್ಪ ಇಟ್ಟ ಹೆಸರು. ಶಾಲೆಯ ರಿಜಿಸ್ಟರಿನಲ್ಲಿ ಬೇರೆ ಹೆಸರಿದೆ, ಅದನ್ನು ಕರೆದರೆ ಅವಳೇ ತಿರುಗಿ ನೋಡುವುದಿಲ್ಲ.

ಐದನೇ ಕ್ಲಾಸಿನ ಎಲ್ಲರಿಗೂ ಮಿಸ್ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ಮನೆಯ ಹತ್ತಿರದ ಯಾವುದಾದರೂ ಒಂದು ಅಂಗಡಿಯನ್ನು ಜೇಡಿಮಣ್ಣಿನಲ್ಲಿ ಮಾಡಿ ತರಬೇಕು. ಶುಕ್ರವಾರ ಎಲ್ಲ ಅಂಗಡಿಗಳನ್ನೂ ಸಾಲಾಗಿ ಇಟ್ಟರೆ ಕ್ಲಾಸಿನಲ್ಲೇ ಒಂದು ಬೀದಿ ಆಗುತ್ತದೆ. ಪ್ರತಿಯೊಬ್ಬರೂ ಎದ್ದು ನಿಂತು ಹೇಗೆ ಮಾಡಿದೆ ಅಂತ ಹೇಳಬೇಕು. ನಿಮ್ಮ ಕೈಯಲ್ಲೇ ಮಾಡಿರಬೇಕು, ಸೊಟ್ಟಗಿದ್ದರೂ ಪರವಾಗಿಲ್ಲ ಎಂದು ಮಿಸ್ ಎರಡು ಸಲ ಹೇಳಿದ್ದರು.

ಅಮ್ಮ ತನ್ನ ಬ್ಯಾಗಿನಿಂದ ಒಂದು ಪುಟ್ಟ ಚಾಕು ತೆಗೆದಳು. ಅದು ಪೆನ್ಸಿಲ್‌ಗಿಂತ ಸಣ್ಣ, ತುದಿ ಎಲೆಯಂತೆ ಚಪ್ಪಟೆ. ಮೂಗು ಸರಿಯಾಯಿತು. ಮೂಗು ಸರಿಯಾದ ಮೇಲೆ ಕಿವಿ ಸೊಟ್ಟಗೆ ಕಂಡಿತು. ಕಿವಿಯಾದ ಮೇಲೆ ಮೀಸೆ. ಬೆರಳು ಕೊಟ್ಟರೆ ಹಸ್ತ ನುಂಗುವುದು ಅಂದರೆ ಇದೇ ಇರಬೇಕು. ಭಾನುವಾರ ಸಂಜೆಯ ಹೊತ್ತಿಗೆ ಅಂಗಡಿಗೆ ಗೋಡೆ ಬಂದಿತ್ತು, ಗೋಡೆಗೆ ಮೊಳೆ ಬಂದಿತ್ತು, ಮೊಳೆಯಲ್ಲಿ ಎರಡು ಹಳೇ ಟೈರು ನೇತಾಡುತ್ತಿದ್ದವು. ಬಟಾಣಿ ಎದುರಿನ ಕುರ್ಚಿಯಲ್ಲಿ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಳು.

ನನ್ನದು ಅಂತ ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಳ್ಳಲಿಲ್ಲ. ಯಾಕೆಂದರೆ ಅಮ್ಮನ ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿ ಇಣುಕುತ್ತಿತ್ತು. ಅಮ್ಮ ಏನೋ ಗುನುಗುತ್ತಿದ್ದಳು, ಅದೂ ರಾಗ ತಪ್ಪಿ. ಒಲೆಯ ಮೇಲೆ ಹಾಲು ಉಕ್ಕಿ ಹರಿದದ್ದೂ ಅವಳಿಗೆ ಗೊತ್ತಾಗಲಿಲ್ಲ. ಇಂಥ ಅಮ್ಮನನ್ನು ಬಟಾಣಿ ನೋಡಿಯೇ ಇರಲಿಲ್ಲ.

ಅಮ್ಮ ಕೆಲಸ ಮಾಡುವುದು ಹಲ್ಲಿನ ಲ್ಯಾಬಿನಲ್ಲಿ. ಹಲ್ಲು ಬಿದ್ದುಹೋದವರಿಗೆ ಅಲ್ಲಿ ಹೊಸ ಹಲ್ಲು ಮಾಡುತ್ತಾರೆ. ಯಾವ ಹಲ್ಲು, ಎಷ್ಟು ಉದ್ದ, ಎಷ್ಟು ಹಳದಿ ಎಂದು ಡಾಕ್ಟರು ಚೀಟಿಯಲ್ಲಿ ಬರೆದು ಕಳಿಸುತ್ತಾರೆ. ಅಮ್ಮ ಅಚ್ಚಿಗೆ ಬೇಕಾದ ಮೇಣವನ್ನು ಕೆರೆದು ಕೆರೆದು ಅದೇ ಅಳತೆಗೆ ತರುತ್ತಾಳೆ. ಹನ್ನೆರಡು ವರ್ಷದಿಂದ ಹಲ್ಲು, ಹಲ್ಲು, ಹಲ್ಲು. ಒಂದು ಸಲ ಬಟಾಣಿ, ನೀನು ಮಾಡಿದ ಹಲ್ಲನ್ನ ಯಾರಾದರೂ ಹೊಗಳಿದ್ದಾರಾ ಎಂದು ಕೇಳಿದ್ದಳು. ಅಮ್ಮ ನಕ್ಕುಬಿಟ್ಟಿದ್ದಳು. "ಚೆನ್ನಾಗಿದ್ರೆ ಯಾರಿಗೂ ಗೊತ್ತೇ ಆಗಲ್ಲ ಕಣೇ. ಗೊತ್ತಾಯ್ತು ಅಂದ್ರೆ ನನ್ನ ಕೆಲಸ ಕೆಟ್ಟಿದೆ ಅಂತ."

ಸೋಮವಾರ ಅಮ್ಮ ಲ್ಯಾಬಿನಿಂದ ಬಂದವಳೇ ಚಪ್ಪಲಿ ಬಿಡುತ್ತಾ, ನಿನ್ನ ಪ್ರಾಜೆಕ್ಟ್ ಸ್ವಲ್ಪ ನೋಡೋಣ ಅಂದಳು. ಮಣ್ಣು ಒಣಗದಿರಲಿ ಎಂದು ಹೊದಿಸಿದ್ದ ಒದ್ದೆ ಬಟ್ಟೆಯನ್ನು ತೆಗೆದು ಕೂತಳು. ಅಂದು ಪಂಕ್ಚರ್ ನೋಡುವ ನೀರಿನ ಟಬ್ ಬಂತು. ಮಂಗಳವಾರ ಒಂದು ಬೆಂಚು, ಅದರಡಿಯಲ್ಲಿ ಮಲಗಿದ ಬೆಕ್ಕು. ಬೆಕ್ಕು ಎಷ್ಟು ಚೆನ್ನಾಗಿತ್ತೆಂದರೆ ಬಟಾಣಿಗೆ ಸಿಟ್ಟು ಬಂತು.

ಅಪ್ಪ ಬಸ್ ಡ್ರೈವರ್. ಡ್ಯೂಟಿ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದಾಗ ಬಟಾಣಿ ಅವನ ಹಿಂದೆಯೇ ನಿಂತು ದೂರು ಹೇಳಿದಳು. ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ, ತಗ್ಗಿದ ದನಿಯಲ್ಲಿ ಹಳೆಯ ಕತೆಯೊಂದನ್ನು ತೆಗೆದ. ಮದುವೆಯಾದ ಹೊಸದರಲ್ಲಿ ಅಮ್ಮ ಸೋಪಿನಲ್ಲಿ ಒಂದು ಬಾತುಕೋಳಿ ಕೆತ್ತಿಕೊಟ್ಟಿದ್ದಳಂತೆ. ಅದರಿಂದ ಮೈ ಉಜ್ಜಿಕೊಳ್ಳಲು ಮನಸ್ಸು ಬಾರದೆ ಅವನು ಒಂದು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದನಂತೆ. ಆಮೇಲೆ ಕೆಲಸ, ಮನೆ, ಬಟಾಣಿ. ಅಮ್ಮ ಇಂಥದ್ದನ್ನೆಲ್ಲ ಯಾವಾಗ ಬಿಟ್ಟಳೋ ಅವನಿಗೇ ಗೊತ್ತಾಗಲಿಲ್ಲವಂತೆ.

"ಹೇಳೋದಿದ್ರೆ ನೀನೇ ಹೇಳು. ನನ್ನ ಕೈಲಂತೂ ಆಗಲ್ಲಪ್ಪ" ಎಂದು ಅಪ್ಪ ಜಾರಿಕೊಂಡ.

ಬಟಾಣಿಗೆ ಅತ್ತ ದರಿ, ಇತ್ತ ಪುಲಿ. ಅಮ್ಮನ ಅಂಗಡಿಯನ್ನು ಶಾಲೆಗೆ ಒಯ್ದರೆ ಎಲ್ಲರೆದುರು ಸುಳ್ಳು ಹೇಳಬೇಕು. ಒಯ್ಯುವುದಿಲ್ಲ ಎಂದರೆ ಅಮ್ಮನ ಗುನುಗು ನಿಂತುಹೋಗುತ್ತದೆ. ಬುಧವಾರ ಶಾಲೆಯಿಂದ ಬರುವ ದಾರಿಯುದ್ದಕ್ಕೂ ಯೋಚಿಸಿ ಒಂದು ಉಪಾಯ ಹುಡುಕಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಉಪಾಯ. ಪ್ರಾಜೆಕ್ಟೇ ಇಲ್ಲ ಎಂದರೆ ಅಮ್ಮನ ಅಂಗಡಿಯನ್ನು ಶಾಲೆಗೆ ಒಯ್ಯುವ ಮಾತೇ ಬರುವುದಿಲ್ಲ. ಅಮ್ಮ ಅವಳ ಪಾಡಿಗೆ ಮಾಡಿಕೊಂಡಿರಲಿ. ನಾನು ಬೇರೆ ಮಣ್ಣು ತಂದು ಗುಟ್ಟಾಗಿ ನನ್ನದನ್ನು ಮಾಡಿಕೊಳ್ಳುತ್ತೇನೆ.

"ಅಮ್ಮ, ಪ್ರಾಜೆಕ್ಟ್ ಕ್ಯಾನ್ಸಲ್ ಆಯ್ತಂತೆ" ಅಂದಳು ಸಂಜೆ.

ಅಮ್ಮ ಒದ್ದೆ ಬಟ್ಟೆ ಹಿಡಿದುಕೊಂಡು ಹಾಗೇ ನಿಂತಳು. ಆಮೇಲೆ, ಒಳ್ಳೇದೇ ಆಯ್ತು ಬಿಡು, ಮೂರು ದಿನದಿಂದ ಟೇಬಲ್ ತುಂಬಾ ಮಣ್ಣು, ಊಟಕ್ಕೂ ಜಾಗ ಇಲ್ಲ ಅಂದಳು. ಹೇಳುತ್ತಾ ಹೇಳುತ್ತಾ ಟೈರುಗಳನ್ನು ಕಿತ್ತು ಉಂಡೆ ಮಾಡಿದಳು. ಗೋಡೆಯನ್ನು ಮಡಚಿದಳು. ಟಬ್ ಚಪ್ಪಟೆಯಾಯಿತು. ಅವಳು ಸಿಟ್ಟಿನಿಂದ ಮಾಡುತ್ತಿರಲಿಲ್ಲ. ತೊಳೆದ ಪಾತ್ರೆ ಎತ್ತಿಡುವವರ ಹಾಗೆ ಮಾಡುತ್ತಿದ್ದಳು. ಬಟಾಣಿಗೆ ಸಂಕಟವಾದದ್ದು ಅದರಿಂದಲೇ.

ಅಮ್ಮನ ಹೆಬ್ಬೆರಳು ಅಂಗಡಿಯವನ ತಲೆಯ ಮೇಲೆ ಬಂತು.

"ಅಮ್ಮ, ಒತ್ತಬೇಡ" ಎಂದಳು ಬಟಾಣಿ. "ಕ್ಯಾನ್ಸಲ್ ಆಗಿಲ್ಲ. ನಾನು ಸುಳ್ಳು ಹೇಳಿದೆ."

"ಯಾಕೆ?"

"ಶುಕ್ರವಾರ ಮಿಸ್ ಕೇಳ್ತಾರೆ. ನಾನೇನು ಹೇಳ್ಲಿ? ಇದರಲ್ಲಿ ಏನೂ ನಂದಲ್ಲ. ಮೂಗೂ ನಂದಲ್ಲ."

ಅಮ್ಮ ಕುರ್ಚಿ ಎಳೆದುಕೊಂಡು ಕೂತಳು. ಅವಳ ಮುಖ ಕೆಂಪಗಾಯಿತು. ಹೋಂವರ್ಕ್ ಮಾಡದೆ ಸಿಕ್ಕಿಬಿದ್ದವರ ಮುಖ ಹೀಗೇ ಆಗುವುದನ್ನು ಬಟಾಣಿ ಕ್ಲಾಸಿನಲ್ಲಿ ನೋಡಿದ್ದಳು, ಅಮ್ಮನಲ್ಲಿ ನೋಡಿರಲಿಲ್ಲ.

"ನಿಂಗೆ ಸಹಾಯ ಮಾಡ್ತಿದೀನಿ ಅಂದ್ಕೊಂಡಿದ್ದೆ" ಎಂದಳು ಅಮ್ಮ. ಆಮೇಲೆ ತಾನೇ ತಲೆಯಾಡಿಸಿದಳು. "ಇಲ್ಲ, ಅದೂ ಸುಳ್ಳೇ. ಭಾನುವಾರ ಸಂಜೆಗೇ ನಿನ್ನನ್ನ ಮರೆತುಬಿಟ್ಟಿದ್ದೆ ಕಣೇ."

"ಹಾಗಾದ್ರೆ ಈಗ ಯಾಕೆ ಮುರಿದೆ?"

"ಪ್ರಾಜೆಕ್ಟೇ ಇಲ್ಲ ಅಂದ್ಮೇಲೆ? ಇಷ್ಟು ದೊಡ್ಡವಳು ಸುಮ್ಮನೆ ಮಣ್ಣಲ್ಲಿ ಆಡ್ತಾ ಕೂರೋದಾ?"

ಬಟಾಣಿ ಸುಮ್ಮನೆ ಆಡಲು ಯಾವತ್ತೂ ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ದೊಡ್ಡವರಿಗೆ ಅದಕ್ಕೂ ಒಂದು ಕಾರಣ ಬೇಕೇನೋ. ಪಾಪ ಅನ್ನಿಸಿತು. ಅವಳು ಮಣ್ಣಿನ ಉಂಡೆಯನ್ನು ಎಳೆದುಕೊಂಡು ಎರಡು ಭಾಗ ಮಾಡಿದಳು. ಅಂಗಡಿಯವನನ್ನೂ ಬೆಕ್ಕನ್ನೂ ದೊಡ್ಡ ಭಾಗದ ಪಕ್ಕ ಇಟ್ಟು ಅಮ್ಮನ ಕಡೆ ತಳ್ಳಿದಳು.

"ಇದು ನಿಂದು. ಇದು ನಂದು. ನಂದನ್ನ ಮುಟ್ಟಬಾರದು."

"ಅಷ್ಟು ಸಾಕಾ ನಿಂಗೆ?" ಎಂದು ಅಮ್ಮ ಕೇಳಿದಳು.

"ನನ್ನ ಅಂಗಡಿ ಚಿಕ್ಕದು."

ಅಪ್ಪ ಬಂದಾಗ ಇಬ್ಬರೂ ಎದುರುಬದುರು ಕೂತು ಮಣ್ಣು ಮೆತ್ತುತ್ತಿದ್ದರು. ಅವನು ತನ್ನ ಚಹಾ ತಾನೇ ಮಾಡಿಕೊಂಡು ಕುಡಿದ. ಗುರುವಾರವೂ ಹಾಗೇ ಆಯಿತು. ಬಟಾಣಿಯ ಗೋಡೆ ಒಂದು ಕಡೆ ವಾಲಿದಾಗಲೆಲ್ಲ ಅಮ್ಮನ ಕೈ ತಾನಾಗಿ ಮುಂದೆ ಬರುತ್ತಿತ್ತು. ಬಟಾಣಿ ಕೆಮ್ಮುತ್ತಿದ್ದಳು. ಅಮ್ಮ ಕೈ ಹಿಂದಕ್ಕೆ ತೆಗೆದುಕೊಂಡು, ಆಸ್ಪತ್ರೆಯಲ್ಲಿ ಇಂಜೆಕ್ಷನ್ ನೋಡಲಾಗದವರ ಹಾಗೆ ಮುಖ ತಿರುಗಿಸುತ್ತಿದ್ದಳು.

ಶುಕ್ರವಾರ ಬಟಾಣಿಯ ಸೈಕಲ್ ಅಂಗಡಿ ಕ್ಲಾಸಿನ ಬೀದಿಯ ತುದಿಯಲ್ಲಿ, ಪಕ್ಕದ ಕ್ಷೌರದಂಗಡಿಗೆ ಒರಗಿಕೊಂಡು ನಿಂತಿತು. ಅದರ ಹೊಸ ಯಜಮಾನನೂ ಆಲೂಗಡ್ಡೆಯೇ. ಅವಳ ಸರದಿ ಬಂದಾಗ ಅವಳು ಗೋಡೆ ಯಾಕೆ ವಾಲಿತು, ನೀರು ಎಲ್ಲಿ ಹೆಚ್ಚಾಯಿತು, ಟೈರನ್ನು ಪೆನ್ನಿನ ಮುಚ್ಚಳದಿಂದ ಹೇಗೆ ಕೊರೆದೆ ಎಂದು ನಿಲ್ಲಿಸದೆ ಹೇಳಿದಳು. ಮಿಸ್ ಸಾಕು ಕೂತ್ಕೊ ಅನ್ನಬೇಕಾಯಿತು. ಅವಳಿಗೆ ಅಷ್ಟು ಖುಷಿಯಾಗಿತ್ತು.

ಸಂಜೆ ಅಮ್ಮ ಬಂದಳು. ಕತೆಯನ್ನೆಲ್ಲ ಕೇಳಿದಳು, ನಕ್ಕಳು, ಚಪ್ಪಲಿ ಬಿಟ್ಟಳು. ಟೇಬಲ್ ಖಾಲಿಯಿತ್ತು. ಅವಳ ಪಾಲಿನ ಮಣ್ಣು ಕಿಟಕಿಯ ಹತ್ತಿರ ಬಟ್ಟೆ ಹೊದ್ದುಕೊಂಡಿತ್ತು. ಅಮ್ಮ ಒಮ್ಮೆ ಅಡುಗೆಮನೆಗೆ ಹೋಗಿ ಬಂದಳು. ಒಗೆದ ಬಟ್ಟೆ ಮಡಚಿದಳು. ಆಮೇಲೆ, ಏನೋ ಈಗಷ್ಟೇ ನೆನಪಾದ ಹಾಗೆ ಕೇಳಿದಳು.

"ನಿಂಗೆ ಸೋಮವಾರಕ್ಕೆ ಏನಾದ್ರೂ ಪ್ರಾಜೆಕ್ಟ್ ಇದೆಯಾ?"

"ಇಲ್ಲ" ಎಂದಳು ಬಟಾಣಿ.

"ಓ" ಎಂದಳು ಅಮ್ಮ.

ಬಟಾಣಿ ಅವಳ ಮುಖ ನೋಡಿದಳು. ನೋಡಿ, ಹಳೆಯ ಪೇಪರ್ ತಂದು ಅಮ್ಮನ ಕುರ್ಚಿಯ ಮುಂದೆ ಹಾಸಿದಳು. ಮಣ್ಣನ್ನು ಎತ್ತಿ ತಂದು ಅದರ ಮೇಲಿಟ್ಟಳು. ತಾನು ಲೈಬ್ರರಿ ಪುಸ್ತಕ ಹಿಡಿದು ನೆಲದ ಮೇಲೆ ಕೂತಳು.

ಐದಾರು ಪುಟ ಓದಿದಳು. ಆಮೇಲೆ ಕುರ್ಚಿ ಎಳೆದ ಸದ್ದಾಯಿತು. ಇನ್ನೂ ಸ್ವಲ್ಪ ಹೊತ್ತಿಗೆ ರಾಗ ತಪ್ಪಿದ ಗುನುಗು ಶುರುವಾಯಿತು.

"ಏನು ಮಾಡ್ತಿದೀಯ ಅಮ್ಮ?"

"ಇನ್ನೂ ಗೊತ್ತಿಲ್ಲ ಕಣೇ" ಎಂದಳು ಅಮ್ಮ.

ಅಷ್ಟರಲ್ಲಿ ಬಾಗಿಲಿನ ಬೆಲ್ ಆಯಿತು. ಅಮ್ಮ ದಡಬಡಿಸಿ ಪೇಪರ್ ಮಡಚಲು ಹೋದಳು. ಬಟಾಣಿ ಬೇಡ ಎಂದು ಕೈಸನ್ನೆ ಮಾಡಿ ತಾನೇ ಎದ್ದು ಹೋದಳು. ಬಾಗಿಲಲ್ಲಿ ಪಕ್ಕದ ಮನೆಯ ಆಂಟಿ ನಿಂತಿದ್ದರು. ಅಮ್ಮ ಇದ್ದಾಳಾ, ಸುಮ್ಮನೆ ಮಾತಾಡಿಕೊಂಡು ಹೋಗೋಣ ಅಂತ ಬಂದೆ ಅಂದರು.

"ಇದ್ದಾಳೆ ಆಂಟಿ" ಎಂದಳು ಬಟಾಣಿ. "ಆದ್ರೆ ಏನೋ ಕೆಲಸ ಮಾಡ್ತಿದ್ದಾಳೆ. ಮುಗಿದ ಮೇಲೆ ಅವಳೇ ಬರ್ತಾಳೆ."

ಬಾಗಿಲನ್ನು ಸದ್ದಾಗದಂತೆ ಹಾಕಿಕೊಂಡು ಒಳಗೆ ಬಂದಳು. ಅಮ್ಮ ಅವಳನ್ನೇ ನೋಡುತ್ತಿದ್ದಳು. ಆಮೇಲೆ ಮಡಚಿದ್ದ ಪೇಪರನ್ನು ಮತ್ತೆ ಬಿಡಿಸಿ ಹಾಸಿದಳು.