ಮೇಣದ ನಾಲಿಗೆ

‘ಅವನ ರಾಗಕ್ಕೆ ನಿನ್ನ ಮಾತು ಕೊಡಬೇಡ.’

ಚೀಟಿ ಓದಿ ಹುಡುಗಿ ನಕ್ಕಳು. ಕೊಟ್ಟವಳು ಸಂಗೀತ ನಿರ್ದೇಶಕ ಬಿಟ್ಟ ಹೆಂಡತಿ. ಹನ್ನೆರಡು ವರ್ಷ ಅವನ ಹಾಡುಗಳಿಗೆಲ್ಲ ಸಾಹಿತ್ಯ ಬರೆದು, ಕೊನೆಗೆ ಅದು ಹೇಗೋ ಮೂಗಿಯಾದವಳು. ಸ್ಟುಡಿಯೋ ಮೆಟ್ಟಿಲ ಮೇಲೆ ಕಾದು ಕೂತಿದ್ದು ಚೀಟಿಯನ್ನು ಕೈಗೆ ತುರುಕಿದ್ದಳು.

"ಹೊಟ್ಟೆಕಿಚ್ಚು ಅಕ್ಕಾ ನಿಮಗೆ, ನಿಮ್ಮ ಜಾಗಕ್ಕೆ ನಾನು ಬಂದೆ ಅಂತ."

ಚೀಟಿ ಚೂರಾಯಿತು. ಆಕೆ ಕೈಮುಗಿದು ನಿಂತೇ ಇದ್ದಳು.

ಹುಡುಗಿ ಅವನಿಗೆ ಬರೆದ ಮೊದಲ ಹಾಡು ಮಳೆಯ ಮೇಲೆ. ವಾರದೊಳಗೆ ಊರೆಲ್ಲ ಗುನುಗಿತು. ಒಂದು ಸಂಜೆ ಹನಿ ಬಿದ್ದಾಗ, ಬಟ್ಟೆ ಒಳಗೆ ಹಾಕಿ ಎಂದು ಪಕ್ಕದ ಮನೆಯವರಿಗೆ ಕೂಗಹೋದಳು. ‘ಮಳೆ’ ಎಂಬ ಮಾತೇ ಬಾಯಿಗೆ ಬರಲಿಲ್ಲ. ದಣಿವು ಅಂದುಕೊಂಡಳು. ಎರಡನೆಯ ಹಾಡಿನೊಂದಿಗೆ ‘ದಾರಿ’ ಹೋಯಿತು, ‘ಬಾ’ ಹೋಯಿತು. ಬರೆಯಲು ಬರುತ್ತಿತ್ತು, ಆಡಲು ಬರುತ್ತಿರಲಿಲ್ಲ. ಹಾಡಿಗೆ ಕೊಟ್ಟ ಮಾತು ಅವಳ ಬಾಯಿಗೆ ತಿರುಗಿ ಬರುತ್ತಿರಲಿಲ್ಲ. ಭಯವಾಯಿತು. ಆದರೂ ಹೆಸರಿನ ಆಸೆ ಬಿಡಲಿಲ್ಲ. ನಾಲ್ಕು ಹಾಡು ಮುಗಿದಾಗ ಬಾಯಲ್ಲಿ ಉಳಿದದ್ದು ಒಂದೆರಡು ಮಾತಷ್ಟೇ. ಐದನೆಯ ಹಾಡು ತಾಯಿಯ ಮೇಲಿತ್ತು.

ಅದರ ರೆಕಾರ್ಡಿಂಗ್ ಮುಗಿದ ಮರುದಿನ ಊರಿಂದ ತಾಯಿಯ ಫೋನು ಬಂತು.

"ಯಾಕೆ ಪುಟ್ಟಿ, ಮಾತೇ ಆಡ್ತಿಲ್ಲ? ನನ್ ಮೇಲೆ ಕೋಪಾನಾ?"

ಹುಡುಗಿ ಬಾಯಿ ತೆರೆದಳು. ಬರೀ ಉಸಿರು ಬಂತು. ಆ ಎರಡಕ್ಷರ ಬರಲಿಲ್ಲ.

ಬಿರುಬಿಸಿಲಲ್ಲಿ ಸ್ಟುಡಿಯೋಗೆ ಓಡಿದಳು. ಕಿಟಕಿಯಿಲ್ಲದ ಕೋಣೆ. ಅವನು ರಾಗ ಹಾಕುವ ಹಾರ್ಮೋನಿಯಂ ಬಳಿ ಸದಾ ಸುಟ್ಟ ಕೂದಲಿನ ಕಮಟು. ಹಳೇ ಪೆಟ್ಟಿಗೆ ಎಂದು ಇಷ್ಟು ದಿನ ಸುಮ್ಮನಿದ್ದಳು. ಈಗ ಮುಚ್ಚಳ ಎತ್ತಿದಳು. ಒಳಗೆ ಮೇಣದ ಎರಡು ನಾಲಿಗೆ. ಕೂದಲು ಸುತ್ತಿ, ನಡುವೆ ಮುಳ್ಳು ಚುಚ್ಚಿತ್ತು. ಒಂದರ ಕೆಳಗೆ ಅವಳದೇ ಕೈಬರಹದ ಚೂರು.

"ಮಾತು ಬರೋರು ಒಂದಿನ ಬಿಟ್ಟು ಹೋಗ್ತಾರೆ ಕಣೆ."

ಬಾಗಿಲಲ್ಲಿ ನಿರ್ದೇಶಕ. ದನಿ ಯಾವತ್ತಿನಂತೆ ಮೃದು.

"ಅವಳು ಬೇರೆಯವನಿಗೆ ಬರೀತೀನಿ ಅಂದ್ಲು, ಅದಕ್ಕೇ ಕಟ್ಟಿಹಾಕಿದೆ. ನೀನಾದ್ರೂ ಜೊತೇಲಿರು."

ದೀಪ ಆರಿತು. ಕತ್ತಲು. ಅವನ ಹೆಜ್ಜೆ ಹತ್ತಿರವಾಯಿತು. ಪೆಟ್ಟಿಗೆಯೊಳಗೆ ಕೈ ತೂರಿದಳು. ಒಂದು ನಾಲಿಗೆ ಕೈಗೆ ತಾಕಿತು. ಮುಚ್ಚಳ ಬೆರಳ ಮೇಲೆ ಬಡಿಯಿತು. ಎಲುಬು ಮುರಿಯಿತು. ಮುಷ್ಟಿ ಬಿಡಲಿಲ್ಲ. ಅವನ ತೋಳು ಕಚ್ಚಿದಳು. ಓಡಿದಳು. ಬಾಗಿಲು. ಮೆಟ್ಟಿಲು. ಬೆಳಕು. ಹಿಂದೆ ಚಿಲಕ ಬಿತ್ತು.

ಮುಷ್ಟಿ ಬಿಚ್ಚಿ ಮುಳ್ಳು ಕಿತ್ತಳು, ಕೂದಲು ಹರಿದಳು. ಬಾಯಿ ತೆರೆದಳು. ಆ ಮಾತು ಬರಲಿಲ್ಲ.

"ಬಂತು..." ಮೆಟ್ಟಿಲ ಕೆಳಗೆ ತುಕ್ಕು ಹಿಡಿದಂಥ ದನಿ. ಬಿಟ್ಟ ಹೆಂಡತಿ ತನ್ನ ಗಂಟಲನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. "ನಂಗೆ ಮಾತು ಬಂತು!"

ಹುಡುಗಿಯ ಮುಖ ಕಂಡದ್ದೇ ಅವಳ ನಗು ಇಂಗಿತು. "ಅಯ್ಯೋ, ನಿಂದು ಒಳಗೇ ಉಳೀತಾ?"

ಫೋನು ಮತ್ತೆ ಬಡಿದುಕೊಂಡಿತು. "ಇನ್ನೂ ಕೋಪಾನಾ ಪುಟ್ಟಿ?" ಎಂದಳು ತಾಯಿ. ಮುರಿದ ಬೆರಳಲ್ಲೇ ಹುಡುಗಿ ಅದನ್ನು ಆಕೆಯತ್ತ ಚಾಚಿದಳು.

"ಅಮ್ಮಾ, ನಿಮ್ಮ ಮಗಳು ಇಲ್ಲೇ ಇದಾಳೆ," ಆಕೆಯ ದನಿ ಒಡೆಯಿತು, "ಕೋಪ ಇಲ್ಲಮ್ಮಾ ಅವಳಿಗೆ..."

"ನೀನ್ಯಾರಮ್ಮಾ?" ಆ ಕಡೆಯ ಮಾತು ಹೊರಗೂ ಕೇಳಿತು. "ಅವಳ ಕೈಗೆ ಕೊಡು. ಒಂದ್ಸಲ ಅಮ್ಮ ಅನ್ನಲಿ, ಸಾಕು."